ಕರಕರ ಸದ್ದು ಹಾಡಿನದೋ, ಪ್ಲೇಟಿನದೋ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯದವನು. ಎರಡು ತಿಂಗಳ ಹಿಂದೆ ಜರ್ಮನಿಯಿಂದ ಒಂದು ವಿನೈಲ್ ಸಂಕಲನ ತರಿಸಿದೆ. ಎರಡು ಪ್ಲೇಟು, ಹತ್ತು ಟ್ರ್ಯಾಕ್, ಹತ್ತು ಜನ ಬೇರೆ ಬೇರೆ ಕಲಾವಿದರು. ಡಾರ್ಕ್ ಇಂಡಸ್ಟ್ರಿಯಲ್ ನಾಯ್ಸ್ ಮತ್ತು ಟೆಕ್ನೋ. ಸಾಗಣೆ, ಸುಂಕ ಎಲ್ಲಾ ಸೇರಿ ಆರು ಸಾವಿರ ದಾಟಿತು. ಈಗ ಪ್ಲೇಟು ಸರಿಯಿದೆಯೋ ಕೆಟ್ಟಿದೆಯೋ ನನಗೇ ಗೊತ್ತಾಗುತ್ತಿಲ್ಲ. ಇಡೀ ಸಂಕಲನ ಸ್ಪೀಕರ್ ಹರಿದ ಹಾಗೆ ಕೇಳುತ್ತದೆ. ಎ ಸೈಡಿನ ಎರಡನೇ ಟ್ರ್ಯಾಕ್‌ನಲ್ಲಿ ಬೇಸ್ ಶುರುವಾಗುವ ಕಡೆ ಸೂಜಿ ಹಾರುತ್ತದೆ. ಸಿ ಸೈಡಿನ ನಡುವೆ ಸ್ವಲ್ಪ ಹೊತ್ತು ಟಕ್ ಟಕ್ ಬರುತ್ತದೆ. ಡಿ ಸೈಡಿನ ಕೊನೆಗೆ ಸೂಜಿ ಒಂದೇ ಕಡೆ ಸಿಕ್ಕಿಕೊಂಡು ಅದೇ ಸದ್ದು ಸುತ್ತುತ್ತಲೇ ಇರುತ್ತದೆ. ಲೇಬಲ್ ಪಕ್ಕದಲ್ಲಿ ಯಾರೋ ಮೊಳೆಯಿಂದ ಗೀಚಿದ ಹಾಗೆ ಅಕ್ಷರಗಳೂ ಇವೆ. ಅಪ್ಪನ ಹಳೇ ಸಿನಿಮಾ ಹಾಡಿನ ಎಲ್‌ಪಿ ಹಾಕಿದೆ. ಅದೂ ಗೊಗ್ಗರಾಗಿಯೇ ಕೇಳಿತು, ಹಳೇದಲ್ವಾ ಅಂತ ಬಿಟ್ಟೆ. ಸ್ನೇಹಿತ ಸೂಜಿ ಮೇಲೆ ಒಂದು ರೂಪಾಯಿ ನಾಣ್ಯ ಇಡು ಅನ್ನುತ್ತಾನೆ. ಪಕ್ಕದ ಎಲೆಕ್ಟ್ರಿಷಿಯನ್, ಇಂಥ ರೆಕಾರ್ಡ್ ಹಾಕಿದರೆ ಸೂಜಿ, ಸ್ಪೀಕರ್ ಎರಡೂ ಹೋಗುತ್ತವೆ ಅನ್ನುತ್ತಾರೆ. ನಮ್ಮದು ಅಕ್ಕಿ ಮಿಲ್. ಅಪ್ಪ ಕೇಳಿಸಿಕೊಂಡು, "ಮಿಲ್ಲಲ್ಲಿ ಬಿಟ್ಟಿ ಬರೋ ಸದ್ದುನ್ನ ದುಡ್ಡು ಕೊಟ್ಟು ತಂದವ್ನೆ" ಅಂದರು. ವಾಪಸ್ ಕಳಿಸಲೇ? — ಒಬ್ಬ ಓದುಗ, ಮಂಡ್ಯ

ಉತ್ತರ: ನಿಮ್ಮ ಅಪ್ಪನ ಮಾತಿಗೆ ಆಮೇಲೆ ಬರುತ್ತೇನೆ. ಅದರಲ್ಲಿ ಅವರು ಅಂದುಕೊಂಡಿದ್ದಕ್ಕಿಂತ ಜಾಸ್ತಿ ನಿಜ ಇದೆ.

ಮೂವತ್ತು ವರ್ಷದಿಂದ ಮೈಸೂರಿನ ಸಯ್ಯಾಜಿ ರಾವ್ ರಸ್ತೆಯ ಒಂದು ಸಂದಿಯಲ್ಲಿ ಕೂತು ರೇಡಿಯೋ, ಟೇಪು, ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುತ್ತಿದ್ದೇನೆ. ಗಿರಾಕಿಗಳು ತರುವ ದೂರು ಸಾಮಾನ್ಯವಾಗಿ ಸರಳ. ಹಾಡುವವರ ಗಂಟಲು ಕರಕರ ಅನ್ನುತ್ತಿದೆ, ಪಿಟೀಲು ಅಲುಗುತ್ತಿದೆ, ಹೀಗೆ. ಮನುಷ್ಯರ ಗಂಟಲು ಹೇಗಿರಬೇಕು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ತಪ್ಪು ಎಲ್ಲಿದೆ ಅಂತ ಕಿವಿಯೇ ಹೇಳುತ್ತದೆ. ನಿಮ್ಮ ಕಷ್ಟ ಬೇರೆ. ನಿಮ್ಮ ಪ್ಲೇಟಿನಲ್ಲಿ ಗಂಟಲೂ ಇಲ್ಲ, ಪಿಟೀಲೂ ಇಲ್ಲ. ಹರಿದ ಸದ್ದು, ಕಬ್ಬಿಣ ಉಜ್ಜಿದ ಸದ್ದು, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವ ಸದ್ದು ಎಲ್ಲವನ್ನೂ ಬೇಕೆಂದೇ ಹಾಕಿದ್ದಾರೆ. ಅದರ ಮೇಲೆ ನಿಮ್ಮ ಮನೆಯ ಸೂಜಿ, ತಂತಿ, ಧೂಳು ತಮ್ಮ ಪಾಲಿನ ಸದ್ದು ಸೇರಿಸಿವೆ. ಯಾವುದು ಯಾರದು ಅಂತ ಬೇರ್ಪಡಿಸುವುದೇ ಈಗಿನ ಕೆಲಸ.

ಹಿಂದಿನವರಿಗೆ ಈ ಗೋಜಲು ಇರಲಿಲ್ಲ. ನಮ್ಮ ಜಯಚಾಮರಾಜ ಒಡೆಯರ್ ಅವರು 1940ರ ದಶಕದ ಕೊನೆಯಲ್ಲಿ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಲಂಡನ್ನಿನಲ್ಲಿ ತಮ್ಮ ಖರ್ಚಿನಲ್ಲಿ ಧ್ವನಿಮುದ್ರಣ ಮಾಡಿಸಿದರು. ಅವು 78 ಸುತ್ತಿನ ಅರಗಿನ ಪ್ಲೇಟುಗಳು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತುತ್ತಿದ್ದರು, ಆದ್ದರಿಂದ ಹೊಸ ಪ್ಲೇಟೂ ಸೊಂಯ್ ಅನ್ನುತ್ತಿತ್ತು. ಆದರೆ ಪಿಯಾನೋ ಸೊಂಯ್ ಅನ್ನಲ್ಲ ಅಂತ ಕೇಳುವವರಿಗೆ ಗೊತ್ತಿತ್ತು. ಹಾಗಾಗಿ ಸೊಂಯ್ ಪ್ಲೇಟಿನದು, ಉಳಿದದ್ದು ಮೆಟ್ನರ್ ಅವರದು. ನಿಮಗೆ ಆ ಅನುಕೂಲ ಇಲ್ಲ.

ನಿಮ್ಮ ಪತ್ರ ಓದಿದ ಮೇಲೆ ಪ್ಲೇಯರ್ ಹಿಂಭಾಗದ ಫೋಟೋ, ಹಾಲ್‌ನ ಫೋಟೋ, ಸಿ ಸೈಡಿನ ಆ ಜಾಗದ ಒಂದು ನಿಮಿಷದ ಕ್ಲಿಪ್ ಕೇಳಿದ್ದೆ. ನೀವು ಕಳಿಸಿದಿರಿ, ಥ್ಯಾಂಕ್ಸ್. ಮೊದಲ ಫೋಟೋದಲ್ಲೇ ಅರ್ಧ ಉತ್ತರ ಸಿಕ್ಕಿತು.

ಪ್ಲೇಯರ್ ಹಿಂದೆ ಒಂದು ಪುಟ್ಟ ಸ್ವಿಚ್ ಇದೆ. ಒಂದು ಕಡೆ ಫೋನೋ, ಇನ್ನೊಂದು ಕಡೆ ಲೈನ್. ನಿಮ್ಮದು ಲೈನ್ ಕಡೆಗಿದೆ. ಅಲ್ಲಿಂದ ಹೊರಟ ಕೇಬಲ್ ನಿಮ್ಮ ಅಪ್ಪನ ಹಳೇ ಆಂಪ್ಲಿಫೈಯರ್‌ನ ಫೋನೋ ತೂತಿಗೆ ಹೋಗಿದೆ. ಇದೇ ಮೂಲ ತೊಂದರೆ.

ಕಾರಣ ಹೇಳುತ್ತೇನೆ. ಸೂಜಿಯಿಂದ ಬರುವ ವಿದ್ಯುತ್ ತೀರಾ ಕಡಿಮೆ. ನಿಮ್ಮ ಪ್ಲೇಯರ್‌ನಲ್ಲಿರುವಂಥ ಮ್ಯಾಗ್ನೆಟ್ ಕಾರ್ಟ್ರಿಜ್‌ನಲ್ಲಿ (ಸೂಜಿ ಕೂರುವ ಪುಟ್ಟ ಗೂಡು) 3ರಿಂದ 5 ಮಿಲಿವೋಲ್ಟ್ ಬಂದರೆ ಹೆಚ್ಚು. ಅದನ್ನು ಸುಮಾರು ನೂರು ಪಟ್ಟು ಹಿಗ್ಗಿಸಬೇಕು. ಜೊತೆಗೆ ಇನ್ನೊಂದು ಕೆಲಸವೂ ಇದೆ. ಪ್ಲೇಟು ಕೊರೆಯುವಾಗ ಬೇಸ್ ತಗ್ಗಿಸಿ, ಚೂಪು ಸದ್ದು ಏರಿಸಿ ಕೊರೆಯುತ್ತಾರೆ. ಬೇಸ್ ಇದ್ದ ಹಾಗೇ ಕೊರೆದರೆ ಗೆರೆ ಅಷ್ಟಗಲ ಓಲಾಡಿ ಜಾಗ ನುಂಗಿಬಿಡುತ್ತದೆ, ಸೂಜಿಯೂ ನಿಲ್ಲಲ್ಲ. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳು ಇದಕ್ಕೊಂದು ಅಳತೆ ಒಪ್ಪಿಕೊಂಡವು. ಆರ್‌ಐಎಎ ಕರ್ವ್ ಅನ್ನುತ್ತೇವೆ. ಅದರ ಪ್ರಕಾರ ಕೊರೆಯುವಾಗ 20 ಹರ್ಟ್ಸ್ ಹತ್ತಿರ ಸುಮಾರು 20 ಡೆಸಿಬೆಲ್ ಇಳಿಸುತ್ತಾರೆ. ಮನೆಯಲ್ಲಿ ಫೋನೋ ಪ್ರೀಆಂಪ್, ಅಂದರೆ ಸೂಜಿಯ ಸದ್ದು ಹಿಗ್ಗಿಸುವ ಸರ್ಕ್ಯೂಟ್, ಅಷ್ಟನ್ನೇ ಮತ್ತೆ ಏರಿಸುತ್ತದೆ. ಲೆಕ್ಕ ಸರಿಹೋಗುತ್ತದೆ.

ನಿಮ್ಮ ಮನೆಯಲ್ಲಿ ಈ ಕೆಲಸ ಎರಡು ಸಲ ಆಗುತ್ತಿದೆ. ಸ್ವಿಚ್ ಲೈನ್ ಕಡೆ ಇದ್ದದ್ದರಿಂದ ಪ್ಲೇಯರ್ ಒಳಗಿನ ಪ್ರೀಆಂಪ್ ಒಂದು ಸಲ ಮಾಡಿತು. ಆಂಪ್ಲಿಫೈಯರ್‌ನ ಫೋನೋ ತೂತು ಮತ್ತೊಂದು ಸಲ ಮಾಡಿತು. ಸಾರಿಗೆ ನೀವೂ ಉಪ್ಪು ಹಾಕಿ, ಗೊತ್ತಿಲ್ಲದೆ ಅಮ್ಮನೂ ಹಾಕಿದ ಹಾಗೆ. ಬೇಸ್ ಊದಿಕೊಂಡು, ಮೇಲಿನ ಸದ್ದು ಮಂಕಾಗಿ, ಆಂಪ್ಲಿಫೈಯರ್ ತಾಳಲಾರದೆ ಅಲೆಗಳ ತಲೆ ಕತ್ತರಿಸಿ ಕಳಿಸುತ್ತದೆ. ಆ ಕತ್ತರಿಸಿದ ಸದ್ದನ್ನೇ ನೀವು ಸ್ಪೀಕರ್ ಹರಿದ ಹಾಗೆ ಅಂತ ಬರೆದದ್ದು. ಸಿನಿಮಾ ಎಲ್‌ಪಿ ಗೊಗ್ಗರಾಗಿ ಕೇಳಿತಲ್ಲ, ಅದೇ ಸಾಕ್ಷಿ. ಅದು ಹಳೇದಾಗಿದ್ದಕ್ಕಲ್ಲ. ಪಾಪ, ಅದರ ಮೇಲೆ ಸುಮ್ನೆ ಅಪವಾದ ಹೊರಿಸಿದಿರಿ.

ಮಾಡಬೇಕಾದ್ದು ಇಷ್ಟೇ. ಆಂಪ್ಲಿಫೈಯರ್ ಆಫ್ ಮಾಡಿ. ಕೇಬಲ್ ಕಿತ್ತು ಆಕ್ಸ್ ಅಂತಲೋ ಟೇಪ್ ಅಂತಲೋ ಬರೆದಿರುವ ತೂತಿಗೆ ಹಾಕಿ. ಅಥವಾ ಕೇಬಲ್ ಅಲ್ಲೇ ಇರಲಿ, ಸ್ವಿಚ್ಚನ್ನು ಫೋನೋ ಕಡೆಗೆ ತಳ್ಳಿ. ಎರಡರಲ್ಲಿ ಒಂದು ಮಾತ್ರ. ಎರಡೂ ಮಾಡಿದರೆ ಸದ್ದು ಸೊಳ್ಳೆ ಹಾಡಿದಷ್ಟು ಸಣ್ಣಗಾಗುತ್ತದೆ. ಹಳೇ ಆಂಪ್ಲಿಫೈಯರ್‌ಗಳ ಫೋನೋ ವಿಭಾಗ ಕೆಲವು ಸಲ ತುಂಬಾ ಚೆನ್ನಾಗಿರುತ್ತದೆ, ಕೆಲವು ಸಲ ಒಳಗಿನ ಕೆಪಾಸಿಟರ್ ಒಣಗಿ ಗುಂಯ್ ಅನ್ನುತ್ತಿರುತ್ತದೆ. ಎರಡು ದಾರಿಯನ್ನೂ ಒಂದಾದ ಮೇಲೆ ಒಂದು ನೋಡಿ, ಚೆನ್ನಾಗಿ ಕೇಳಿದ್ದನ್ನು ಇಟ್ಟುಕೊಳ್ಳಿ. ಪ್ಲೇಯರ್ ಹಿಂದೆ ಅರ್ಥ್ ತಂತಿಗೆ ಒಂದು ತಿರುಪು ಇದ್ದರೆ ಅದನ್ನು ಆಂಪ್ಲಿಫೈಯರ್‌ನ ತಿರುಪಿಗೆ ಸೇರಿಸಿ. ಇಲ್ಲದಿದ್ದರೆ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಈ ಬಗೆಯ ಸಂಗೀತದಲ್ಲಿ ಅದನ್ನು ಕಲಾವಿದರ ಕೈಚಳಕ ಅಂತ ತಿಳಿದು ತಲೆದೂಗುವ ಅಪಾಯ ಇದ್ದೇ ಇದೆ!

ನಗಬೇಡಿ, ನನಗೇ ಆಗಿದೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಇಂಥದ್ದೇ ಒಂದು ಪ್ಲೇಟು ಕೊಟ್ಟು ಹೋಗಿದ್ದ. ಒಂದು ತಿಂಗಳು ಅಂಗಡಿಯಲ್ಲಿ ಹಾಕಿಕೊಂಡು ಕೇಳಿದೆ. ಭಾರವಾದ, ನಿಧಾನವಾದ ಸದ್ದು, ಪಾತಾಳದಿಂದ ಎದ್ದು ಬಂದ ಹಾಗೆ. ಬಂದವರಿಗೆಲ್ಲ ಹೊಗಳಿದೆ. ಅವನು ವಾಪಸ್ ಬಂದು ಒಂದು ನಿಮಿಷ ಕೇಳಿ, "ಸರ್, ಇದು 45ರ ಪ್ಲೇಟು" ಅಂದ. ನಾನು 33ರಲ್ಲಿ ಹಾಕಿದ್ದೆ. ಮನುಷ್ಯರ ದನಿ ಇದ್ದಿದ್ದರೆ ಮೊದಲ ಸಾಲಿಗೇ ಗೊತ್ತಾಗುತ್ತಿತ್ತು. ಆದ್ದರಿಂದ ನಿಮ್ಮ ಲೇಬಲ್ ಮೇಲೆ ಏನು ಬರೆದಿದೆ ಅಂತ ಒಂದು ಸಲ ನೋಡಿ. ಟೆಕ್ನೋ ಪ್ಲೇಟುಗಳಲ್ಲಿ 45 ತುಂಬಾ ಸಾಮಾನ್ಯ. ಒಂದು ಸಂಕಲನದಲ್ಲೇ ಒಂದು ಸೈಡ್ 45, ಇನ್ನೊಂದು 33 ಇರುವುದೂ ಉಂಟು.

ಈಗ ಡಿ ಸೈಡ್. ಅದು ಕೆಟ್ಟಿಲ್ಲ. ಬೇಕಂತಲೇ ಮಾಡಿದ್ದು. ಪ್ಲೇಟಿನ ಗೆರೆ ಹೊರಗಿನಿಂದ ಒಳಕ್ಕೆ ಸುರುಳಿಯಾಗಿ ಹೋಗಿ ಕೊನೆಗೆ ಒಂದು ಮುಚ್ಚಿದ ವೃತ್ತಕ್ಕೆ ಸೇರುತ್ತದೆ. ಎಲ್ಲಾ ಪ್ಲೇಟಿನಲ್ಲೂ ಅದಿರುತ್ತದೆ, ಸಾಮಾನ್ಯವಾಗಿ ಖಾಲಿ ಇರುತ್ತದೆ. ನಿಮ್ಮ ಪ್ಲೇಟಿನಲ್ಲಿ ಆ ವೃತ್ತಕ್ಕೂ ಸದ್ದು ತುಂಬಿದ್ದಾರೆ. ಲಾಕ್ಡ್ ಗ್ರೂವ್ ಅನ್ನುತ್ತಾರೆ. ಪ್ಯಾರಿಸ್ ರೇಡಿಯೋದ ಪಿಯೆರ್ ಶೆಫರ್ 1948ರಲ್ಲೇ ಈ ಮುಚ್ಚಿದ ಗೆರೆ ಇಟ್ಟುಕೊಂಡು ರೈಲಿನ ಸದ್ದನ್ನೆಲ್ಲ ಸಂಗೀತ ಮಾಡುವ ಪ್ರಯೋಗ ನಡೆಸಿದ್ದರು. ನೀವು ಎದ್ದು ಹೋಗಿ ಸೂಜಿ ಎತ್ತುವವರೆಗೂ ಅದು ಸುತ್ತುತ್ತದೆ. ರಾತ್ರಿಯೆಲ್ಲಾ ಬಿಟ್ಟರೆ ಆ ಒಂದು ವೃತ್ತ ಸವೆಯುತ್ತದೆ, ಸೂಜಿಯ ಗಂಟೆಗಳೂ ಸುಮ್ನೆ ಕಳೆಯುತ್ತವೆ. ಅಷ್ಟೇ ನಷ್ಟ.

ಲೇಬಲ್ ಪಕ್ಕದ ಗೀಚು ಕೂಡ ದೋಷವಲ್ಲ. ಮೂಲ ತಟ್ಟೆ ಕೊರೆದವರು ಅಲ್ಲಿ ಕೈಯಾರೆ ಪ್ಲೇಟಿನ ಸಂಖ್ಯೆ ಬರೆಯುತ್ತಾರೆ. ಕೆಲವರು ತಮ್ಮ ಹೆಸರಿನ ಮೊದಲಕ್ಷರ, ಒಂದು ತಮಾಷೆ ಸಾಲು ಸೇರಿಸುತ್ತಾರೆ. ಅದನ್ನು ಓರೆ ಬೆಳಕಿನಲ್ಲಿ ಹಿಡಿದು ಓದಿ ಬರೆದಿಟ್ಟುಕೊಳ್ಳಿ. ಆಮೇಲೆ ಕೆಲಸಕ್ಕೆ ಬರುತ್ತದೆ.

ಸಿ ಸೈಡಿನ ಟಕ್ ಟಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಒಂದು ಮೋಸ ಇದೆ. 33⅓ರಲ್ಲಿ ಪ್ಲೇಟು ಒಂದು ಸುತ್ತು ಹಾಕಲು 1.8 ಸೆಕೆಂಡ್. ಅಡ್ಡ ಗೀರು ಇದ್ದರೆ ಪ್ರತಿ ಸುತ್ತಿಗೂ ಒಂದು ಟಕ್, ಅಂದರೆ ನಿಮಿಷಕ್ಕೆ 33 ಸಲ. ಸಾಧಾರಣ ಹಾಡಿನಲ್ಲಿ ಇದು ತಕ್ಷಣ ಎದ್ದು ಕೇಳುತ್ತದೆ. ಆದರೆ ಟೆಕ್ನೋ ಏಕತಾನದ ನಾಲ್ಕು ಪೆಟ್ಟಿನ ಸಂಗೀತ. ಅದರ ವೇಗ ನಿಮಿಷಕ್ಕೆ 133ರ ಆಸುಪಾಸಿನಲ್ಲಿದ್ದರೆ ನಾಲ್ಕು ಪೆಟ್ಟಿಗೆ ಹಿಡಿಯುವ ಹೊತ್ತೂ 1.8 ಸೆಕೆಂಡೇ! ಆಗ ಗೀರಿನ ಟಕ್ ತಾಳಕ್ಕೆ ಸರಿಯಾಗಿ ಸಮದ ಮೇಲೆ ಬಂದು ಕೂರುತ್ತದೆ. ಯಾರೋ ಪುಣ್ಯಾತ್ಮರು ಖಂಜರಿ ಹಾಕಿದ್ದಾರೆ ಅನ್ನಿಸುತ್ತದೆ. ವೇಗ ಹೆಚ್ಚು ಕಡಿಮೆ ಮಾಡಿ ನೋಡಿದರೂ ಗುಟ್ಟು ಬಯಲಾಗಲ್ಲ, ಗೀರು ಮತ್ತು ಹಾಡು ಎರಡೂ ಒಟ್ಟಿಗೇ ಓಡುತ್ತವೆ.

ಕಣ್ಣಿನಿಂದ ಪತ್ತೆ ಹಚ್ಚಬೇಕು. ಲೇಬಲ್ ಅಂಚಿನಲ್ಲಿ ಸಣ್ಣ ಕಾಗದದ ಚೂರು ಅಂಟಿಸಿ. ಟಕ್ ಬಂದಾಗ ಅದು ಗಡಿಯಾರದ ಎಷ್ಟು ಗಂಟೆಯ ಜಾಗದಲ್ಲಿದೆ ನೋಡಿ. ಹಾಡಿನ ವೇಗ ಸರಿಯಾಗಿ ಆ 133 ಅಲ್ಲದಿದ್ದು, ಪ್ರತಿ ಸಲವೂ ಅದೇ ಜಾಗದಲ್ಲಿದ್ದರೆ ಗೀರು ಅಥವಾ ಅಂಟಿದ ಕಸ. ಜಾಗ ಬದಲಾಗುತ್ತಿದ್ದರೆ ಸಂಗೀತ. ನಿಮ್ಮ ಕ್ಲಿಪ್ಪಿನಲ್ಲಿ ನಾನು ಬೆರಳು ಮಡಚಿ ಎಣಿಸಿದೆ. ಮೊದಲ ಅರ್ಧ ನಿಮಿಷದಲ್ಲಿ 16 ಟಕ್ ಬಂದು, ಆಮೇಲೆ ನಿಂತಿತು. ಹಿಂದಿನ ತಾಳ ಅದಕ್ಕೆ ಹೊಂದುತ್ತಲೂ ಇರಲಿಲ್ಲ. ಅದು ನೂರಕ್ಕೆ ನೂರು ಪ್ಲೇಟಿನದೇ.

ಗೀರೋ ಕಸವೋ ಅನ್ನುವುದು ತೊಳೆದ ಮೇಲೆ ಗೊತ್ತಾಗುತ್ತದೆ. ಹೊಸ ಪ್ಲೇಟು ಕೊಳೆಯಾಗಿರಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಕವರಿನ ಕಾಗದದ ಪುಡಿ, ಒತ್ತುವಾಗಿನ ಚೂರು ಅಂಟಿಕೊಂಡೇ ಬರುತ್ತವೆ. ಮಂಡ್ಯದಲ್ಲಿ ಅಕ್ಕಿ ಮಿಲ್ ಇರುವ ಮನೆ ಅಂದರೆ ತೌಡಿನ ಧೂಳು ಬೇರೆ. ತೊಳೆಯಲು ಬೋರ್‌ವೆಲ್ ನೀರು ಬೇಡವೇ ಬೇಡ. ಆ ಗಡಸು ನೀರು ಒಣಗಿದರೆ ಬಕೆಟ್ಟಿನ ಅಂಚಿನಲ್ಲಿ ಬಿಳಿ ಪಟ್ಟೆ ಕೂರುತ್ತದಲ್ಲ, ಅದೇ ಪಟ್ಟೆ ಗೆರೆಯೊಳಗೂ ಕೂರುತ್ತದೆ. ಇನ್ವರ್ಟರ್‌ಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಅಂಗಡಿಯವರು ತಪ್ಪಿ ಬ್ಯಾಟರಿ ಆಸಿಡ್ ಕೊಡದ ಹಾಗೆ ನೋಡಿಕೊಳ್ಳಿ. ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಮೈಕ್ರೋಫೈಬರ್ ಬಟ್ಟೆ. ಗೆರೆ ಹೋದ ದಿಕ್ಕಿನಲ್ಲೇ ಒರೆಸಿ, ಅಡ್ಡಡ್ಡ ಉಜ್ಜಬೇಡಿ. ಲೇಬಲ್ ನೆನೆಯಬಾರದು. ಮತ್ತೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಒರೆಸಿ ನೆರಳಿನಲ್ಲಿ ಆರಿಸಿ. ಬಿಸಿಲಿಗಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಯಾರೋ ಸ್ಪಿರಿಟ್ ಹಾಕು ಅಂತ ಹೇಳಿದರೆ, ವಿನೈಲ್‌ಗೆ ತೆಳುವಾಗಿ ನೀರಿಗೆ ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್ ನಡೆಯುತ್ತದೆ. ಆದರೆ ತಾತನ ಕಾಲದ ಅರಗಿನ ಪ್ಲೇಟಿಗೆ ಹಾಕಿದರೆ ಅರಗೇ ಕರಗಿ ಹೋಗುತ್ತದೆ.

ಎ ಸೈಡಿನಲ್ಲಿ ಸೂಜಿ ಹಾರುವುದಕ್ಕೆ ಎರಡು ಮೂರು ಕಾರಣ ಸೇರಿರಬಹುದು. ಸ್ಟೀರಿಯೋ ಪ್ಲೇಟಿನಲ್ಲಿ ಎರಡೂ ಕಡೆಯ ಸ್ಪೀಕರ್‌ಗೆ ಒಂದೇ ಆಗಿರುವ ಸದ್ದು ಗೆರೆಯನ್ನು ಎಡಬಲಕ್ಕೆ ಓಲಾಡಿಸುತ್ತದೆ. ಎರಡು ಕಡೆಗೂ ವ್ಯತ್ಯಾಸ ಇರುವ ಸದ್ದು ಗೆರೆಯನ್ನು ಮೇಲೆ ಕೆಳಗೆ ಏರಿಳಿಸುತ್ತದೆ. ಭಾರಿ ಬೇಸ್‌ನಲ್ಲಿ ಅಂಥ ವ್ಯತ್ಯಾಸ ಇದ್ದರೆ ಸೂಜಿಗೆ ರಸ್ತೆಯ ಹಂಪ್ ಮೇಲೆ ಬೈಕ್ ಹಾರಿಸಿದ ಅನುಭವ. ಅದಕ್ಕೇ ಕೊರೆಯುವವರು ಸಾಮಾನ್ಯವಾಗಿ ಕೆಳಗಿನ ಬೇಸನ್ನೆಲ್ಲ ಮಧ್ಯಕ್ಕೆ ತಂದು ಮೋನೋ ಮಾಡುತ್ತಾರೆ. ಎಲ್ಲರೂ ಅಷ್ಟು ಜಾಗ್ರತೆ ಮಾಡಲ್ಲ, ಈ ಬಗೆಯ ಲೇಬಲ್‌ಗಳಲ್ಲಿ ಕೆಲವರಿಗೆ ಧೈರ್ಯ ಸ್ವಲ್ಪ ಜಾಸ್ತಿ. ಆದರೂ ಸರಿಯಾಗಿ ಕೂರಿಸಿದ ಸೂಜಿ ಬಹುತೇಕ ಪ್ಲೇಟುಗಳನ್ನು ದಾಟಿಸುತ್ತದೆ. ಹಾಗಾಗಿ ಪ್ಲೇಟನ್ನು ಬೈಯುವ ಮೊದಲು ನಿಮ್ಮ ಕಡೆ ನೋಡಿಕೊಳ್ಳಿ.

ನಾಣ್ಯದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬೇಡ. ಒಂದು ರೂಪಾಯಿ ನಾಣ್ಯ ಮೂರು ಗ್ರಾಂಗಿಂತ ಜಾಸ್ತಿ ತೂಗುತ್ತದೆ. ನಿಮ್ಮ ಕಾರ್ಟ್ರಿಜ್ ಆಡಿಯೋ ಟೆಕ್ನಿಕಾದ ವಿಎಂ95ಇ. ಅದಕ್ಕೆ ಬೇಕಾದ ಭಾರ 1.8ರಿಂದ 2.2 ಗ್ರಾಂ, ನಡುವಿನ 2 ಗ್ರಾಂ ಇಟ್ಟರೆ ಸರಿ. ಅದರ ಮೇಲೆ ನಾಣ್ಯ ಇಟ್ಟರೆ ಐದು ಗ್ರಾಂ ದಾಟಿತು. ಸೂಜಿಯ ತೆಳ್ಳನೆ ಕಡ್ಡಿ ಬಾಗಿ ಕಾರ್ಟ್ರಿಜ್ ಹೊಟ್ಟೆ ಪ್ಲೇಟಿಗೆ ತಾಗುತ್ತದೆ. ಜೊತೆಗೆ ನಾಣ್ಯ ಸ್ಟೀಲು, ಕಾರ್ಟ್ರಿಜ್‌ನೊಳಗೆ ಮ್ಯಾಗ್ನೆಟ್ಟು. ಹಾರುವುದೇನೋ ನಿಲ್ಲಬಹುದು. ನಿಂತಿದ್ದು ನೋಡಿ ಔಷಧಿ ಹಿಡಿಯಿತು ಅಂದುಕೊಳ್ಳುತ್ತೀರಿ, ಒಳಗೆ ಗೆರೆ ಸವೆಯುತ್ತಾ ಇರುತ್ತದೆ.

ಕಡಿಮೆ ಭಾರವೂ ಒಳ್ಳೆಯದಲ್ಲ. ಪ್ಲೇಟು ಸವೆಯಬಾರದು ಅಂತ ಒಂದೂವರೆ ಗ್ರಾಂ ಇಡುವವರು ಬಹಳ. ಆಗ ಸೂಜಿ ಗೆರೆಯ ಎರಡು ಗೋಡೆಗೂ ಸರಿಯಾಗಿ ಕೂರದೆ ಪುಟಿಯುತ್ತದೆ, ಪುಟಿದಾಗ ಗೋಡೆಗೆ ಗುದ್ದುತ್ತದೆ. ಕುದುರೆ ಮೇಲೆ ಗಟ್ಟಿಯಾಗಿ ಕೂತವರಿಗಿಂತ ಸಡಿಲವಾಗಿ ಕೂತವರು ಅದರ ಬೆನ್ನು ನೋಯಿಸುವುದು ಹೆಚ್ಚು. ಆಭರಣದ ಅಂಗಡಿಯವರು ಇಟ್ಟುಕೊಳ್ಳುವಂಥ ಪುಟ್ಟ ಡಿಜಿಟಲ್ ತಕ್ಕಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಳೆದು 2 ಗ್ರಾಂಗೆ ನಿಲ್ಲಿಸಿ. ಸೂಜಿ ಒಳಕ್ಕೆ ಎಳೆಯದಂತೆ ತಡೆಯುವ ಆಂಟಿಸ್ಕೇಟ್ ಗುಂಡಿಯೂ 2ರಲ್ಲಿರಲಿ. ಪ್ಲೇಯರ್ ಸಮತಟ್ಟಾಗಿದೆಯೇ ಅಂತ ಗಾರೆ ಕೆಲಸದವರ ನೀರುಮಟ್ಟ ಇಟ್ಟು ನೋಡಿ.

ಇನ್ನು ನಿಮ್ಮ ಹಾಲ್‌ನ ಫೋಟೋ. ಶೋಕೇಸಿನ ಒಂದೇ ಹಲಗೆ ಮೇಲೆ ಪ್ಲೇಯರ್, ಎಡಬಲಕ್ಕೆ ಸ್ಪೀಕರ್. ನೋಡಲು ಲಕ್ಷಣ, ಕೇಳಲು ಅಪಾಯ. ಸ್ಪೀಕರ್‌ನ ಬೇಸ್ ಹಲಗೆ ಅಲ್ಲಾಡಿಸುತ್ತದೆ, ಹಲಗೆ ಸೂಜಿಯನ್ನು ಅಲ್ಲಾಡಿಸುತ್ತದೆ, ಸೂಜಿ ಅದನ್ನೇ ಸದ್ದು ಅಂತ ಮತ್ತೆ ಸ್ಪೀಕರ್‌ಗೆ ಕಳಿಸುತ್ತದೆ. ಗುಂಂಂ ಅಂತ ಒಂದು ಹೂಂಕಾರ ಬೆಳೆಯುತ್ತಾ ಹೋಗುತ್ತದೆ. ಭಜನೆಯ ಪ್ಲೇಟಾಗಿದ್ದರೆ ಯಾರಾದರೂ ಓಡಿ ಬಂದು ಆಫ್ ಮಾಡುತ್ತಿದ್ದರು. ನಿಮ್ಮ ಸಂಕಲನದಲ್ಲಿ ಅದು ಹನ್ನೊಂದನೇ ಕಲಾವಿದ! ಪರೀಕ್ಷೆ ಸುಲಭ. ಪ್ಲೇಟು ತಿರುಗಿಸದೆ, ನಿಂತ ಪ್ಲೇಟಿನ ಮೇಲೆ ಸೂಜಿ ಇಡಿ. ವಾಲ್ಯೂಮ್ ಮೆಲ್ಲಗೆ ಏರಿಸಿ. ಬೆರಳಿನಿಂದ ಹಲಗೆ ತಟ್ಟಿ. ತಟ್ಟಿದ್ದು ಡಬ್ ಅಂತ ದೊಡ್ಡದಾಗಿ ಕೇಳಿದರೆ, ಅಥವಾ ತಾನಾಗಿ ಗುಂಯ್ ಶುರುವಾದರೆ, ತಕ್ಷಣ ವಾಲ್ಯೂಮ್ ಇಳಿಸಿ ಪ್ಲೇಯರನ್ನು ಬೇರೆ ಕಡೆ ಇಡಿ. ಮನೆ ಕಟ್ಟುವಾಗ ಉಳಿದ ಕಡಪ ಕಲ್ಲಿನ ತುಂಡು ಹಿತ್ತಲಲ್ಲಿ ಬಿದ್ದಿರುತ್ತದಲ್ಲ, ಅದನ್ನು ನಾಲ್ಕು ದಪ್ಪ ರಬ್ಬರ್ ಬಿಲ್ಲೆ ಮೇಲಿಟ್ಟು ಅದರ ಮೇಲೆ ಪ್ಲೇಯರ್ ಕೂರಿಸಿ. ಸಾವಿರಾರು ರೂಪಾಯಿಯ ಸ್ಟ್ಯಾಂಡ್ ಮಾಡುವ ಕೆಲಸದಲ್ಲಿ ಬಹುಪಾಲನ್ನು ಇದು ಮಾಡುತ್ತದೆ.

ಒಮ್ಮೆ ಅಗ್ರಹಾರದ ಒಂದು ಹಳೇ ಮನೆಗೆ ಹೋಗಿದ್ದೆ. ಸೂಜಿ ಆಗಾಗ ಹಾರುತ್ತದೆ ಅಂತ ದೂರು. ಒಂದು ಗಂಟೆ ಕೂತರೂ ಹಾರಲಿಲ್ಲ. ಕಾಫಿ ಮುಗಿಸಿ ಎದ್ದೆ, ಅಷ್ಟರಲ್ಲಿ ಮೇಲಿನಿಂದ ಅಜ್ಜಿ ದೇವರ ಮನೆಗೆ ಇಳಿದು ಬಂದರು. ಮರದ ಮೆಟ್ಟಿಲು, ಮರದ ಅಟ್ಟ. ಅವರ ಪ್ರತಿ ಹೆಜ್ಜೆಗೂ ಸೂಜಿ ಒಂದೊಂದು ಗೆರೆ ದಾಟಿತು. ನಿಮ್ಮ ಮನೆ ಹಿಂದೆಯೇ ಮಿಲ್ ಇದ್ದರೆ, ಮಿಲ್ ನಿಂತಿರುವಾಗ ಒಮ್ಮೆ ಎ ಸೈಡ್ ಹಾಕಿ ನೋಡಿ.

ಸೂಜಿ, ಸ್ಪೀಕರ್ ಹೋಗುತ್ತವೆ ಅನ್ನುವ ಮಾತಿನಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಸೂಜಿಗೆ ತ್ಯಾಗರಾಜರ ಕೃತಿಯೂ ಒಂದೇ, ಕಬ್ಬಿಣ ಉಜ್ಜುವ ಸದ್ದೂ ಒಂದೇ. ಅದು ಗೆರೆಯ ಏರಿಳಿತ ಮಾತ್ರ ನೋಡುತ್ತದೆ. ವಜ್ರದ ಸೂಜಿ ಸಾಮಾನ್ಯವಾಗಿ 500ರಿಂದ 1000 ಗಂಟೆ ಬಾಳುತ್ತದೆ. ಧೂಳು, ತಪ್ಪು ಭಾರ ಅದನ್ನು ಬೇಗ ಕೊಲ್ಲುತ್ತವೆ, ಸಂಗೀತದ ಬಗೆ ಕೊಲ್ಲಲ್ಲ.

ಸ್ಪೀಕರ್ ವಿಷಯದಲ್ಲಿ ಮಾತ್ರ ಎಲೆಕ್ಟ್ರಿಷಿಯನ್ ಮಾತು ತಳ್ಳಿಹಾಕುವ ಹಾಗಿಲ್ಲ. ಸಾಧಾರಣ ಸಂಗೀತದಲ್ಲಿ ಜೋರು ಪೆಟ್ಟಿನ ನಡುವೆ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಸ್ಪೀಕರ್‌ನ ಸುರುಳಿ ತಣಿಯುತ್ತದೆ. ನಾಯ್ಸ್ ಸಂಗೀತದಲ್ಲಿ ಬಿಡುವೇ ಇಲ್ಲ, ಒಂದೇ ಸಮ ಸುರಿಯುತ್ತದೆ. ಅಷ್ಟೇ ವಾಲ್ಯೂಮಿನಲ್ಲಿ ಸುರುಳಿ ಜಾಸ್ತಿ ಕಾಯುತ್ತದೆ. ಚೂಪು ಸದ್ದಿನ ಪುಟ್ಟ ಟ್ವೀಟರ್ ಮೊದಲು ಸುಡುತ್ತದೆ. ಅದರಲ್ಲೂ ಆಂಪ್ಲಿಫೈಯರ್ ತಾಳಲಾರದೆ ಅಲೆ ಕತ್ತರಿಸುತ್ತಿದ್ದರೆ ಇನ್ನೂ ಬೇಗ. ನೀವು ಎರಡು ತಿಂಗಳು ಹಾಗೇ ಓಡಿಸಿದ್ದೀರಿ, ಆದ್ದರಿಂದ ಕೇಬಲ್ ಸರಿಮಾಡಿದ ಮೇಲೆ ಎರಡೂ ಟ್ವೀಟರ್ ಹತ್ತಿರ ಕಿವಿ ಇಟ್ಟು ಸಮನಾಗಿ ಕೇಳುತ್ತವೆಯೇ ನೋಡಿ. ಒಂದು ಸತ್ತಿದ್ದರೂ ಆಶ್ಚರ್ಯ ಇಲ್ಲ.

ಕಿವಿಗೂ ಇದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಮಿಲ್ಲಿನಲ್ಲಿ ದಿನವಿಡೀ ಕಳೆದು ಬಂದ ಕಿವಿಯ ಪಾಲು ಅಲ್ಲೇ ಖರ್ಚಾಗಿರಬಹುದು, ಅದೂ ನೆನಪಿರಲಿ.

ಅಪ್ಪನ ಮಾತಿಗೆ ಬಂದೆ. ಅವರು ಬೈದದ್ದೇ ಈ ಸಂಗೀತದ ಹುಟ್ಟಿನ ಕಥೆ. 1913ರಲ್ಲೇ ಇಟಲಿಯ ಕಲಾವಿದ ಲುಯಿಜಿ ರುಸೊಲೊ, ಯಂತ್ರದ ಸದ್ದೂ ಸಂಗೀತವಾಗಬೇಕು ಅಂತ ಘೋಷಣೆ ಬರೆದು, ಗುಡುಗುವ ಗುರುಗುಟ್ಟುವ ಪೆಟ್ಟಿಗೆಗಳನ್ನು ಕಟ್ಟಿದರು. ಇಂಡಸ್ಟ್ರಿಯಲ್ ಅನ್ನುವ ಹೆಸರು ಅಂಟಿದ್ದು 1976ರಲ್ಲಿ, ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ಲೇಬಲ್ ಶುರು ಮಾಡಿದಾಗ. ಉಕ್ಕಿನ ಊರು ಶೆಫೀಲ್ಡ್‌ನಲ್ಲಿ ಕ್ಯಾಬರೆ ವೋಲ್ಟೇರ್ ತಂಡ ಅದಕ್ಕೂ ಮೊದಲೇ ಟೇಪು ಕತ್ತರಿಸಿ ಅಂಟಿಸುತ್ತಿತ್ತು. ಟೆಕ್ನೋ ಬಂದದ್ದು 1980ರ ದಶಕದಲ್ಲಿ, ಕಾರಿನ ಊರು ಡೆಟ್ರಾಯಿಟ್‌ನಿಂದ. ಶೆಫೀಲ್ಡ್, ಡೆಟ್ರಾಯಿಟ್ ಎರಡೂ ಕಾರ್ಖಾನೆ ಊರುಗಳೇ. ನಾನು ಬೆಳೆದದ್ದು ಅಶೋಕಪುರಂ ರೈಲ್ವೆ ವರ್ಕ್‌ಶಾಪ್ ಹತ್ತಿರ. ಯಾದವಗಿರಿಯಲ್ಲಿ ಜಾವಾ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಬೈಕಿನ ಸದ್ದು ಕೇಳಿಯೇ ಎಂಜಿನ್ ಕಾಯಿಲೆ ಹೇಳುವ ಮೆಕ್ಯಾನಿಕ್‌ಗಳಿದ್ದರು. ನಿಮ್ಮ ಅಪ್ಪನೂ ಅಂಥವರೇ ಇರಬೇಕು. ಬೆಲ್ಟು ಸಡಿಲ ಆದದ್ದು ಒಳಗೆ ಬರುವ ಮೊದಲೇ ಗೊತ್ತಾಗುತ್ತದೆ ಅಲ್ವಾ ಅಂತ ಕೇಳಿ ನೋಡಿ. ನನ್ನ ರುಚಿ ಕೇಳಿದರೆ, ನಿಮ್ಮ ಕ್ಲಿಪ್ಪಿನ ಟ್ರ್ಯಾಕ್ ಇಷ್ಟವಾಯಿತು. ಬರೀ ಕಿರುಚುವ ನಾಯ್ಸ್ ನನಗೆ ಐದು ನಿಮಿಷಕ್ಕೆ ಸಾಕಾಗುತ್ತದೆ.

ಒಂದು ವಿಷಯ ಈಗಲೇ ತಿಳಿದಿರಲಿ. ಎಲ್ಲಾ ಸರಿಮಾಡಿದ ಮೇಲೂ ಪ್ರತಿ ಸೈಡಿನ ಕೊನೇ ಟ್ರ್ಯಾಕ್ ಸ್ವಲ್ಪ ಒರಟಾಗಿ ಕೇಳಬಹುದು. 33ರ ಪ್ಲೇಟಿನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಓಡುತ್ತದೆ, ಒಳ ಅಂಚಿನಲ್ಲಿ ಬರೀ 21. ಅದೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆದ ಹಾಗೆ. ಚೂಪು ಸದ್ದು ಅಲ್ಲಿ ಕಲಸಿಕೊಳ್ಳುತ್ತದೆ. ಕೊರೆಯುವ ಯಂತ್ರವೂ ತೀರಾ ಚೂಪು ಸದ್ದನ್ನು ತಾಳಲ್ಲ, ಅದರ ಸುರುಳಿ ಸುಡುತ್ತದೆ. ಹಾಗಾಗಿ ಕೊರೆಯುವವರೇ ಅದನ್ನು ಮೊದಲೇ ಸವರಿರುತ್ತಾರೆ. ವಿನೈಲ್ ಅಂದರೆ ಎಲ್ಲದಕ್ಕಿಂತ ಶುದ್ಧ ಅನ್ನುವ ಮಾತು ಈ ಸಂಗೀತಕ್ಕಂತೂ ಸಲ್ಲ. ವಿಎಂ95 ಸರಣಿಯಲ್ಲಿ ನಿಮ್ಮ ಕಾರ್ಟ್ರಿಜ್‌ಗೇ ಕೂರುವ ಇನ್ನೂ ಸಣ್ಣ ತುದಿಯ ಸೂಜಿ ಸಿಗುತ್ತದೆ. ಅದು ಒಳಗಿನ ಗೆರೆಯನ್ನು ಚೆನ್ನಾಗಿ ಓದುತ್ತದೆ. ಆದರೆ ಅದರ ದುಡ್ಡಿಗೆ ಇನ್ನೊಂದು ಸಂಕಲನ ಬರುತ್ತದೆ, ಯೋಚಿಸಿ.

ಪ್ಲೇಟಿನ ಜೊತೆ ಡೌನ್‌ಲೋಡ್ ಕೋಡಿನ ಚೀಟಿ ಬಂದಿದ್ದರೆ ಅದನ್ನು ಎಸೆಯಬೇಡಿ. ಅದೇ ಟ್ರ್ಯಾಕನ್ನು ಮೊಬೈಲಿನಿಂದ ಅದೇ ಆಂಪ್ಲಿಫೈಯರ್‌ಗೆ ಕೊಟ್ಟು ಕೇಳಿ. ಅಲ್ಲೂ ಇರುವ ಕರಕರ ಕಲಾವಿದರದು. ಚೀಟಿ ಇಲ್ಲದಿದ್ದರೆ ಸೂಜಿ ಇಟ್ಟ ಮೇಲೆ ಮೊದಲ ಸದ್ದು ಬರುವವರೆಗಿನ ಎರಡು ಸುತ್ತು, ಟ್ರ್ಯಾಕ್ ನಡುವಿನ ಖಾಲಿ ಜಾಗ, ಇವನ್ನು ಗಮನವಿಟ್ಟು ಕೇಳಿ. ಅಲ್ಲಿ ಯಾವ ಕಲಾವಿದರೂ ಇಲ್ಲ. ಅಲ್ಲಿ ಕೇಳುವುದೆಲ್ಲ ಪ್ಲೇಟು, ಸೂಜಿ, ತಂತಿ, ನಿಮ್ಮ ಶೋಕೇಸು.

ಈಗ ವಾಪಸ್ ಕಳಿಸುವ ಮಾತು. ಇಡೀ ಸಂಕಲನ ಕಳಿಸಬೇಡಿ. ಜರ್ಮನಿಗೆ ಸಾಗಣೆ ಖರ್ಚೇ ಪ್ಲೇಟಿನ ಬೆಲೆಯ ಹತ್ತಿರ ಹೋಗುತ್ತದೆ, ದಾರಿಯಲ್ಲಿ ಬಿಸಿಲಿಗೆ ಸೊಟ್ಟಗಾದರೆ ಇರುವುದೂ ಹೋಯಿತು. ಸಿ ಸೈಡ್ ತೊಳೆದು ಮತ್ತೆ ಹಾಕಿ. ಟಕ್ ಹೋದರೆ ವಿಷಯ ಮುಗಿಯಿತು. ಹೋಗದಿದ್ದರೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಆ ಜಾಗದ ಫೋಟೋ ತೆಗೆಯಿರಿ. ಗೀರು ಕಂಡರೆ ಅದು ನಿಮ್ಮ ಕೈಯಲ್ಲಾದದ್ದೋ ಬರುವಾಗಲೇ ಇದ್ದದ್ದೋ ಅಂತ ಅವರು ಕೇಳುತ್ತಾರೆ, ಎರಡು ತಿಂಗಳಾದ ಮೇಲೆ ಸಾಧಿಸುವುದು ಕಷ್ಟ. ಗೀರಿಲ್ಲದೆ ಗೆರೆಯಲ್ಲೇ ಒಂದು ಗುಳ್ಳೆಯೋ ಉಬ್ಬೋ ಕಂಡರೆ ಒತ್ತುವಾಗಿನ ದೋಷ. ಆಗ ಧೈರ್ಯವಾಗಿ ಬರೆಯಿರಿ. ಫೋಟೋ, ಒಂದು ನಿಮಿಷದ ಕ್ಲಿಪ್, ಲೇಬಲ್ ಪಕ್ಕ ಗೀಚಿದ ಆ ಸಂಖ್ಯೆ ಮೂರನ್ನೂ ಕಳಿಸಿ, ಸಿ ಸೈಡಿನ ಪ್ಲೇಟು ಒಂದನ್ನೇ ಬದಲಿಸಿ ಕೊಡುತ್ತೀರಾ ಅಂತ ಕೇಳಿ. ಸಣ್ಣ ಲೇಬಲ್‌ಗಳವರು ಕೆಲವು ಸಲ ಹಳೆಯದನ್ನು ವಾಪಸ್ ಕೇಳದೆಯೇ ಕಳಿಸಿಬಿಡುತ್ತಾರೆ.